ಅಪ್ಪನ ಸೀಟಿನಲ್ಲಿ ಐದು ರೇಸು

ನಮ್ಮಪ್ಪ ಬಂಗಾರಪೇಟೆ ಸ್ಟೇಷನ್ ಮುಂದೆ ಬಾಡಿಗೆ ಕಾರು ಓಡಿಸುತ್ತಿದ್ದ. ರೈಲಿನಿಂದ ಇಳಿದವರನ್ನು ಅವರ ಹಾಸಿಗೆ ಸುರುಳಿ, ಟ್ರಂಕು, ಕಾಲು ಕಟ್ಟಿದ ಕೋಳಿಗಳ ಸಮೇತ ಕೆ.ಜಿ.ಎಫ್‌ಗೆ ಸಾಗಿಸುವುದು ಅವನ ಕೆಲಸ. ವರ್ಷಕ್ಕೊಂದು ಸಲ ಅದೇ ಕಾರಿನ ಹಿಂದಿನ ಸೀಟು ಬಿಚ್ಚಿಟ್ಟು, ಬಾಗಿಲ ಮೇಲೆ ಸುಣ್ಣದಲ್ಲಿ ನಂಬರು ಬರೆದುಕೊಂಡು ರೇಸಿಗೆ ಹೋಗುತ್ತಿದ್ದ. ರೇಸು ನಡೆಯುತ್ತಿದ್ದದ್ದು ಮದ್ರಾಸಿನ ಆಚೆ, ಯುದ್ಧದ ಕಾಲದಲ್ಲಿ ವಿಮಾನ ಇಳಿಸಲು ಮಾಡಿದ್ದ ಬಯಲಿನಲ್ಲಿ. ದೊಡ್ಡವರ ರೇಸುಕಾರುಗಳ ಓಟ ಮುಗಿದ ಮೇಲೆ, ದಿನನಿತ್ಯ ರಸ್ತೆಯಲ್ಲಿ ಓಡಾಡುವ ಮಾಮೂಲಿ ಕಾರುಗಳಿಗೂ ಅಲ್ಲೊಂದು ಪಂದ್ಯ ಇರುತ್ತಿತ್ತು. ಐವತ್ತರ ದಶಕದಲ್ಲಿ ಅಪ್ಪ ಅದನ್ನು ಮೂರು ಸಲ ಗೆದ್ದ.

ಕಾರು ಅವನದಲ್ಲ, ಗ್ಯಾರೇಜಿನ ಯಜಮಾನರದು. ಗೆದ್ದ ಕಪ್ಪುಗಳೂ ಅವರ ಗಾಜಿನ ಬೀರುವಿನಲ್ಲೇ ಇದ್ದವು. ಅಪ್ಪನ ಪಾಲಿಗೆ ಬಂದದ್ದು ಹೆಸರು. ಗಣಿಯ ಸಾಹೇಬರ ಕಾರುಗಳನ್ನೇ ಹಿಂದೆ ಹಾಕಿದವನು ಎಂದು ಆಂಡರ್ಸನ್‌ಪೇಟೆಯ ಕ್ಷೌರದಂಗಡಿಯಲ್ಲಿ ಜನ ಎದ್ದು ಅವನಿಗೆ ಕುರ್ಚಿ ಬಿಡುತ್ತಿದ್ದರು. ನಾನು ಬೆಳೆದದ್ದು ಆ ಕುರ್ಚಿಯ ಹೆಮ್ಮೆಯಲ್ಲಿ.

ಅವನ ಕಣ್ಣಿಗೆ ಪೊರೆ ಬಂದಾಗ ನನಗೆ ಇಪ್ಪತ್ತಮೂರು. ಅಷ್ಟು ಹೊತ್ತಿಗೆ ನಾನೂ ಅದೇ ಸ್ಟೇಷನ್ ಮುಂದೆ ಬಾಡಿಗೆ ಓಡಿಸುತ್ತಿದ್ದೆ. ಒಂದು ದಿನ ಯಜಮಾನರು ನನ್ನ ಹೆಗಲ ಮೇಲೆ ಕೈ ಹಾಕಿ, "ನಿಮ್ಮಪ್ಪನ ಸೀಟು ಇನ್ಮೇಲೆ ನಿಂದು ಕಣ್ಲಾ. ಆ ಕೈ ನಿಂಗೂ ಬಂದೇ ಬಂದಿರ್ತದೆ" ಅಂದರು. ನಾನು ಹಿಗ್ಗಿ ಹೋದೆ.

ಆ ಕೈ ನನಗೆ ಬಂದಿರಲಿಲ್ಲ. ಮೊದಲ ವರ್ಷ ಐದನೆಯವನಾದೆ, ಮರುವರ್ಷ ನಾಲ್ಕನೆಯವನು. ನಾನು ಕೆಟ್ಟ ಡ್ರೈವರ್ ಆಗಿರಲಿಲ್ಲ. ಗೇರ್ ಬದಲಿಸಿದರೆ ಸದ್ದು ಬರುತ್ತಿರಲಿಲ್ಲ, ತಿರುವಿನಲ್ಲಿ ಚಕ್ರ ಜಾರುತ್ತಿರಲಿಲ್ಲ. ಆದರೂ ಯಾರೋ ಮೂವರು ನಾಲ್ವರು ಯಾವಾಗಲೂ ನನ್ನ ಮುಂದಿರುತ್ತಿದ್ದರು. ಊರಿಗೆ ಬಂದರೆ ಅದೇ ಕ್ಷೌರದಂಗಡಿಯವನು ನನ್ನ ಕೆನ್ನೆಗೆ ನೊರೆ ಹಚ್ಚುತ್ತಾ, "ನಿಮ್ಮಪ್ಪ ಆಗಿದ್ರೆ..." ಎಂದು ಶುರು ಮಾಡುತ್ತಿದ್ದ. ಅಪ್ಪನಂತೂ ವಾರಗಟ್ಟಲೆ ಊಟಕ್ಕೆ ಕೂತರೆ ನನಗೆ ಬೆನ್ನು ಮಾಡಿ ಕೂರುತ್ತಿದ್ದ.

ಮೂರನೆಯ ರೇಸಿನ ದಿನ ಪಂದ್ಯಕ್ಕೆ ಮುಂಚೆಯೇ ನನ್ನ ಫ್ಯಾನ್ ಬೆಲ್ಟ್ ಹರಿಯಿತು. ಬೇರೆ ಬೆಲ್ಟ್ ಇರಲಿಲ್ಲ. ಪಕ್ಕದ ಕಾರಿನವರು ಎದ್ದು ಬಂದು ತಮ್ಮ ಡಿಕ್ಕಿಯಿಂದ ಒಂದನ್ನು ತೆಗೆದುಕೊಟ್ಟರು. ಚಾಂಪಿಯನ್ ರೀಫ್ಸ್‌ನ ಗಣಿ ವರ್ಕ್‌ಷಾಪಿನಲ್ಲಿ ಅವರು ಫಿಟ್ಟರ್. ನಲವತ್ತರ ಆಸುಪಾಸಿನ ತಮಿಳರು. ಯಾರೋ ಸಾಹೇಬ ಬಿಟ್ಟು ಹೋದ ಕಾರನ್ನು ಬಿಚ್ಚಿ, ಒಂದೊಂದೇ ಭಾಗ ತಿದ್ದಿ, ತಾವೇ ಓಡಿಸುತ್ತಿದ್ದರು.

"ಎತ್ಕೋ ತಂಬಿ," ಅಂದರು. "ನೀನು ಇಲ್ಲೇ ನಿಂತ್‌ಬಿಟ್ರೆ ನಾನ್ ಯಾರ ಜೊತೆ ಓಡಿಸ್ಲಿ?"

ಆ ದಿನ ಅವರು ಗೆದ್ದರು, ನಾನು ಮೂರನೆಯವನಾದೆ. ಮರುವರ್ಷವೂ ಅವರೇ ಗೆದ್ದರು, ನಾನು ಎರಡನೆಯವನು. ಎರಡನೆಯವನಾದದ್ದಕ್ಕೆ ನನಗೆ ನಿಜವಾಗಿಯೂ ಸಂತೋಷವಾಗಿತ್ತು. ಯಜಮಾನರಿಗೆ ಆಗಲಿಲ್ಲ. ಮುಂದಿನ ಸಲ ಕಪ್ಪು ಬರದಿದ್ದರೆ ಬೇರೆ ಡ್ರೈವರನ್ನು ನೋಡಿಕೊಳ್ಳುತ್ತೇನೆ ಎಂದು ಅಪ್ಪನಿಗೆ ಹೇಳಿ ಕಳಿಸಿದರು.

ಐದನೆಯ ರೇಸಿಗೆ ಒಂದು ತಿಂಗಳಿದ್ದಾಗ ಅಪ್ಪ ಬೇತಮಂಗಲದ ಕಡೆಗೆ ಕಾರು ಬಿಡು ಅಂದ. ಕೆರೆ ಏರಿಯ ಹತ್ತಿರ ನಿಲ್ಲಿಸಲು ಹೇಳಿದ. ಕೆಳಗಿಳಿದು, ಮಂಜುಗಣ್ಣಿನಲ್ಲಿ ತಡವುತ್ತಾ ಬಂದು, ಜೇಬಿನಿಂದ ಎರಡು ಬೆಂಕಿಪೊಟ್ಟಣ ತೆಗೆದು ಬಾನೆಟ್ ಮೇಲಿಟ್ಟ.

"ಇದು ಅವ್ನು, ಇದು ನೀನು. ತಿರುವು ಬತ್ತದೆ. ಅವ್ನು ಬ್ರೇಕ್ ಇಡೀತಾನೆ. ನೀನು ಇಡೀಬ್ಯಾಡ. ಒಳಗಿಂದ ನುಗ್ಗು. ಅವ್ನ ಇಂದಿನ್ ಚಕ್ರದತ್ರ ನಿನ್ ಬಂಪರ್ ಇಂಗೆ ತಾಗ್ಸು. ಜೋರಾಗ್ ಬ್ಯಾಡ. ಇಷ್ಟೇ." ಒಂದು ಪೊಟ್ಟಣದ ಮೂಲೆಯಿಂದ ಇನ್ನೊಂದನ್ನು ಮೆಲ್ಲಗೆ ತಳ್ಳಿದ. ಅದು ಗಿರಕಿ ಹೊಡೆದು ಕೆಳಗೆ ಬಿತ್ತು. "ನೋಡೋರ್ಗೆ ಅವ್ನೇ ಜಾರ್‌ದಂಗ್ ಕಾಣ್ತದೆ."

ಬಿದ್ದ ಪೊಟ್ಟಣವನ್ನು ಎತ್ತಿಕೊಂಡೆ. "ಅಪ್ಪಾ, ನೀನು ಗೆದ್ದಿದ್ದು ಇಂಗೇನಾ?"

"ಮತ್ತಿನ್ನೆಂಗ್ಲಾ ಗೆಲ್ತಾರೆ?"

"ಮೂರು ಸಲಾನೂವೆ?"

"ಎರಡ್ ಸಲ. ಒಂದ್ ಸಲ ಮುಂದಿದ್ದೋರ್ ಕಾರೇ ಕೆಟ್ಟು ನಿಂತ್ವು." ನಗು ಬಂತು ಅವನಿಗೆ. "ಒಬ್ಬನ್ ಕಾಲು ಓಯ್ತು. ಅದ್ಕೆ ನಾನೇನ್ ಮಾಡಾಣ? ಪಂದ್ಯಕ್ ಬಂದೋನು."

ಬೀಡಿ ಹಚ್ಚಿಕೊಂಡು ಅವನು ಕೆರೆಯ ಕಡೆ ತಿರುಗಿ ನಿಂತ. ಅವನ ಕುತ್ತಿಗೆ, ಬೆವರಿನಿಂದ ಅಂಟಿಕೊಂಡ ಕಾಲರು, ಹೊಗೆ ಬಿಡುವಾಗ ಮುಂದಕ್ಕೆ ಚಾಚುವ ಕೆಳದುಟಿ, ಎಲ್ಲವೂ ನನಗೆ ಆ ಹೊತ್ತಿನಲ್ಲಿ ಅಸಹ್ಯವಾಗಿ ಕಂಡವು. ಇವನಿಗಾಗಿ ಜನ ಎದ್ದು ಕುರ್ಚಿ ಬಿಟ್ಟರಲ್ಲ ಅನ್ನಿಸಿತು. ಆದರೆ ನಾನು ಅವನನ್ನು ಕೂರಿಸಿಕೊಂಡು ಕಾರು ತಿರುಗಿಸಿ ಮನೆಗೆ ಬಂದೆ. ಹಾಗೆ ಮಾಡುವುದಿಲ್ಲ ಎಂದು ಅವನಿಗೆ ಬಾಯಿಬಿಟ್ಟು ಹೇಳಲಿಲ್ಲ. ಈಗ ಯೋಚಿಸಿದರೆ ಅಲ್ಲಿಯೇ ನಾನು ಒಪ್ಪಿಕೊಂಡಿದ್ದೆ.

ಕೊನೆಯ ಸುತ್ತಿನವರೆಗೂ ನಾನು ನ್ಯಾಯವಾಗಿಯೇ ಓಡಿಸಿದೆ. ಮುಂದೆ ಫಿಟ್ಟರ್ ಅಣ್ಣನ ಕಾರು ಒಂದೇ ಇತ್ತು. ಮರಳು ತುಂಬಿದ ಪೀಪಾಯಿಗಳನ್ನು ಸಾಲಾಗಿ ಇಟ್ಟಿದ್ದ ತಿರುವು ಬಂತು. ಕಿಟಕಿಯಿಂದ ಹೊರಗೆ ಅವರ ಬಲಗೈ ಮೊಣಕೈ ಕಾಣುತ್ತಿತ್ತು. ಸೆಕೆಗೆ ಹಾಗೆ ಇಟ್ಟುಕೊಂಡು ಓಡಿಸುವುದು ಅವರ ಅಭ್ಯಾಸ. ಅವರ ಕೆಂಪು ದೀಪ ಹತ್ತಿತು. ನಾನು ಬ್ರೇಕ್ ಹಿಡಿಯಲಿಲ್ಲ. ಒಳಗಿಂದ ನುಗ್ಗಿ ತಾಗಿಸಿದೆ. ಅಪ್ಪ ಹೇಳಿದಷ್ಟೇ, ಅದಕ್ಕಿಂತ ಹೆಚ್ಚಲ್ಲ. ಅವರ ಕಾರು ಅಡ್ಡ ತಿರುಗಿ ಪೀಪಾಯಿಗಳ ಮೇಲೆ ಮಗುಚಿದ್ದನ್ನು ಕನ್ನಡಿಯಲ್ಲಿ ನೋಡಿದೆ. ನೋಡಿಯೂ ನಿಲ್ಲಿಸಲಿಲ್ಲ.

ಕಾರಿನಿಂದ ಇಳಿಯುವ ಮೊದಲೇ ಯಜಮಾನರು ನನ್ನ ಬಾಯಿಗೆ ಒಂದು ಇಡೀ ಲಾಡು ತುರುಕಿದರು. ಅವರ ಬೆರಳುಗಳಲ್ಲಿ ನಶ್ಯದ ವಾಸನೆ. ನುಂಗಲೂ ಆಗದೆ ಉಗಿಯಲೂ ಆಗದೆ ಫೋಟೋಗೆ ನಿಂತೆ. ಮಾರನೆಯ ದಿನ ಬಂಗಾರಪೇಟೆಯಲ್ಲಿ ಬ್ಯಾಂಡಿನವರನ್ನು ಕರೆಸಿ ಸ್ಟೇಷನ್ನಿನಿಂದ ಮೆರವಣಿಗೆ ಮಾಡಿದರು. ಬಾಡಿದ ಸೇವಂತಿಗೆ ಹಾರ ಬಿಸಿಲಿಗೆ ನಾರುತ್ತಾ ಎದೆಗೆ ಅಂಟಿಕೊಂಡಿತ್ತು. ಅಪ್ಪ ನನ್ನ ಪಕ್ಕ ಕೂತು, ಏನೂ ಸರಿಯಾಗಿ ಕಾಣದಿದ್ದರೂ ಎರಡೂ ಕಡೆಗೆ ಕೈ ಮುಗಿಯುತ್ತಿದ್ದ. ಆಮೇಲೆ ನನ್ನ ಕಿವಿಗೆ ಬಾಯಿಟ್ಟು, "ಈಗ ನನ್ ಮಗ ಆದೆ ನೋಡು" ಅಂದ. ಮನೆಗೆ ಹೋದವನೇ ಹಿತ್ತಲಲ್ಲಿ ವಾಂತಿ ಮಾಡಿಕೊಂಡೆ. ಅಮ್ಮ ಬಿಸಿಲು ಬಡಿದಿರಬೇಕು ಎಂದು ಮಜ್ಜಿಗೆ ಕೊಟ್ಟಳು.

ನಾಲ್ಕನೆಯ ದಿನ, ಫಿಟ್ಟರ್ ಅಣ್ಣನನ್ನು ಊರಿಗೆ ತಂದು ಗಣಿಯ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ತಿಳಿಯಿತು. ಕಿತ್ತಳೆ ಹಣ್ಣು ತೆಗೆದುಕೊಂಡು ಹೋದೆ. ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು. ಮೂರು ಬೆರಳು ತೆಗೆದಿದ್ದರು. ಫಿಟ್ಟರ್ ಕೆಲಸದವರ ಬಲಗೈ. ಅವರ ಹೆಂಡತಿ ಪಕ್ಕದಲ್ಲಿ ಬೀಸಣಿಗೆ ಬೀಸುತ್ತಾ ಕೂತಿದ್ದರು.

ನನ್ನನ್ನು ನೋಡಿ ಅವರು ಕೇಳಿದ ಮೊದಲ ಮಾತು, "ನಿಂಗೇನೂ ಆಗ್ಲಿಲ್ವಾ ತಂಬಿ? ನನ್ ಗಾಡಿ ಜಾರಿ ನಿಂಗೆ ಬಂದ್ ತಾಗ್ತು ಅನ್ಸುತ್ತೆ."

ಹೂಂ ಅಂದಿದ್ದರೆ ಮುಗಿದು ಹೋಗುತ್ತಿತ್ತು. ನನ್ನ ಗಂಟಲವರೆಗೂ ಬಂದಿತ್ತು ಆ ಹೂಂ. "ಇಲ್ಲ ಅಣ್ಣಾ, ತಾಗ್ಸಿದ್ದು ನಾನೇ. ಬೇಕು ಅಂತ್ಲೇ ತಾಗ್ಸಿದ್ದು" ಅಂದೆ.

ಅವರು ನನ್ನ ಮುಖವನ್ನೇ ನೋಡುತ್ತಾ ಮಲಗಿದ್ದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಸರಿ, ಓಗು," ಅಂದು ಗೋಡೆ ಕಡೆ ತಿರುಗಿಕೊಂಡರು. ಅವರ ಹೆಂಡತಿ ಎದ್ದು ಕಿತ್ತಳೆಯ ಚೀಲವನ್ನು ನನ್ನ ಕೈಗೆ ವಾಪಸು ಕೊಟ್ಟರು.

ಆ ವಾರವೇ ಮದ್ರಾಸಿಗೆ ಹೋಗಿ, ರೇಸು ನಡೆಸುವವರಲ್ಲಿ ಒಬ್ಬರನ್ನು ಹುಡುಕಿ ನಡೆದದ್ದೆಲ್ಲ ಹೇಳಿದೆ. ಗೆಲುವು ನನ್ನದಲ್ಲ, ಫಿಟ್ಟರ್ ಅಣ್ಣನ ಹೆಸರಿಗೆ ಬರೆಯಿರಿ ಎಂದು ಕೇಳಿಕೊಂಡೆ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನ ಆ ಮನುಷ್ಯ ತಾಳ್ಮೆಯಿಂದ ಕೇಳಿಸಿಕೊಂಡು ನಕ್ಕ. "ನಿಮ್ಮ ತಂದೆಯ ಕಾಲದಿಂದ ನೋಡುತ್ತಿದ್ದೇವಪ್ಪ. ಜನ ಟಿಕೆಟ್ ತಗೊಂಡು ಬರುವುದೇ ಅದನ್ನು ನೋಡುವುದಕ್ಕೆ. ಹೋಗು, ಮುಂದಿನ ವರ್ಷಕ್ಕೆ ತಯಾರಾಗು." ನನ್ನ ಬೆನ್ನು ತಟ್ಟಿದ. ಆ ದಿನ ತೊಟ್ಟಿದ್ದ ಅಂಗಿಯನ್ನು ನಾನು ಮತ್ತೆ ಹಾಕಿಕೊಳ್ಳಲಿಲ್ಲ.

ಯಜಮಾನರಿಗೆ ಇನ್ನು ಓಡಿಸುವುದಿಲ್ಲ ಅಂದೆ. ಅವರಿಗೆ ಬೇರೆ ಡ್ರೈವರ್ ಸಿಗಲು ಎರಡು ದಿನ ಸಾಕಾಯಿತು. ಅಪ್ಪ ಮಾತ್ರ, ನಾನು ಮದ್ರಾಸಿಗೆ ಹೋಗಿ ಹೇಳಿದ್ದು ತಿಳಿದು, ಅಂಗಳದಲ್ಲಿ ನಿಂತು ಬೀದಿಗೆ ಕೇಳುವಂತೆ ಕೂಗಾಡಿದ: "ನಿನ್ ಬಾಯಿಂದ ನನ್ ಎಸ್ರಿಗೂ ಮಸಿ ಬಳ್ದಲ್ಲೋ!" ಊರಿನವರಿಗೆ ಅವನು ಹೇಳಿದ್ದೇ ಬೇರೆ. ಅಪಘಾತ ನೋಡಿ ಮಗ ಹೆದರಿಬಿಟ್ಟ ಅಂತ. ಸಾಯುವವರೆಗೂ ಹಾಗೆಯೇ ಹೇಳಿದ. ನಾನು ತಿದ್ದಲು ಹೋಗಲಿಲ್ಲ.

ಮುಂದೆ ಬಸ್ಸಿನ ಕೆಲಸಕ್ಕೆ ಸೇರಿದೆ. ಬಂಗಾರಪೇಟೆಯಿಂದ ಚಾಂಪಿಯನ್ ರೀಫ್ಸ್‌ವರೆಗೆ ದಿನಕ್ಕೆ ನಾಲ್ಕು ಸಲ. ಬೆರಳು ಹೋದ ಮೇಲೆ ಫಿಟ್ಟರ್ ಅಣ್ಣನನ್ನು ಗಣಿಯ ಗೇಟಿನಲ್ಲಿ ಕಾವಲಿಗೆ ಹಾಕಿದ್ದರಂತೆ. ಆ ಗೇಟಿನ ಎದುರೇ ಒಂದು ಸ್ಟಾಪು. ಒಂದು ಮಧ್ಯಾಹ್ನ ಅವರು ಅಲ್ಲಿ ನಿಂತಿದ್ದರು, ಎಡಗೈಯಲ್ಲಿ ಟಿಫನ್ ಕ್ಯಾರಿಯರ್. ಬಸ್ಸು ನಿಲ್ಲಿಸಿದೆ. ಮೆಟ್ಟಿಲ ಮೇಲೆ ಕಾಲಿಟ್ಟವರು ಡ್ರೈವರ್ ಸೀಟಿನ ಕಡೆ ನೋಡಿದರು, ಕಾಲು ಹಿಂದಕ್ಕೆ ತೆಗೆದರು.

"ಅತ್ತಣ್ಣಾ, ಸೀಟ್ ಅದೆ," ಅಂದ ಕಂಡಕ್ಟರ್.

"ನೀನ್ ಓಗಪ್ಪ. ಮುಂದಿನ್ ಬಸ್ಸಲ್ಲಿ ಬತ್ತೀನಿ."

ಮುಂದಿನ ಬಸ್ಸು ಒಂದೂವರೆ ಗಂಟೆಯ ಮೇಲೆ ಇತ್ತು. ಅದು ಅವರಿಗೂ ಗೊತ್ತಿತ್ತು. ಕಂಡಕ್ಟರ್ ಸೀಟಿ ಊದಿದ. ನಾನು ಗೇರ್ ಹಾಕಿ ಬಸ್ಸು ಬಿಟ್ಟೆ.