ಬೇಡವೆಂದರೆ ಹೊರಟುಬಿಡುತ್ತಿದ್ದ ಟೀಚರು

ನನ್ನ ಮಗಳ ಎದುರು ಕೂರುವಾಗ ಟೀಚರು ತಮ್ಮ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ, ಅವುಗಳ ಮೇಲೇ ಕೂತುಬಿಡುತ್ತಿದ್ದರು. ಏಳುವ ಹೊತ್ತಿಗೆ ಗಾಜಿನ ಬಳೆಗಳ ಅಚ್ಚು ಮಣಿಕಟ್ಟಿನ ಮೇಲೆ ಕೆಂಪಗೆ ಮೂಡಿರುತ್ತಿತ್ತು. "ಕೈ ಬಿಟ್ರೆ ಅವಳ ಬದ್ಲು ನಾನೇ ಒತ್ತಿಬಿಡ್ತೀನ್ರೀ, ಕೆಟ್ಟ ಅಭ್ಯಾಸ" ಎನ್ನುತ್ತಿದ್ದರು.

ಮಗಳಿಗೆ ಮಾತು ಬಾರದು. ಕಿವಿ ಚೆನ್ನಾಗಿದೆ, ಬುದ್ಧಿಯಂತೂ ನನ್ನನ್ನೇ ಮಾರಿಕೊಂಡು ಬರುವಷ್ಟಿದೆ. ಮಾತು ಮಾತ್ರ ಹೊರಡುವುದಿಲ್ಲ. ಶಿಕಾರಿಪುರದಿಂದ ವಾರಕ್ಕೊಮ್ಮೆ ನಮ್ಮೂರು ಜಡೆಗೆ, ಮನೆಗೇ ಬಂದು ಕಲಿಸುತ್ತಿದ್ದ ಈ ಟೀಚರು ಅವಳಿಗೊಂದು ಟ್ಯಾಬ್ ತಂದುಕೊಟ್ಟರು. ಪರದೆಯ ಮೇಲಿನ ಚಿತ್ರ ಒತ್ತಿದರೆ ಅದು ಅವಳ ಪರವಾಗಿ ಮಾತಾಡುತ್ತದೆ. ನೀರು, ಅನ್ನ, ಅಮ್ಮ, ಇಂಥವನ್ನು ಮೊದಲು ಹಾಕುತ್ತಾರೆಂದುಕೊಂಡಿದ್ದೆ. ಟೀಚರು ಮೊದಲು ಹಾಕಿದ್ದು 'ಬೇಡ'.

ಬಂದಾಗೆಲ್ಲ ಹೊಸ್ತಿಲಾಚೆಯೇ ನಿಂತು "ಬರ್ಲೇನವ್ವಾ?" ಎಂದು ಅವಳನ್ನು ಕೇಳುವರು. ಒಂದು ದಿನ ಅವಳು 'ಬೇಡ' ಒತ್ತಿದಳು. "ಆಯ್ತವ್ವಾ" ಎಂದು ಟೀಚರು ಚಪ್ಪಲಿ ಮೆಟ್ಟಿಯೇಬಿಟ್ಟರು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಬಿಸಿಲಲ್ಲಿ ಬಂದ ಹೆಂಗಸು! ಮನೆಗೆ ಬಂದವರನ್ನು ಒಂದು ಲೋಟ ನೀರೂ ಕೊಡದೆ ಕಳಿಸುವುದೇ? ನಾಚಿಕೆಯಿಂದ ಕುಗ್ಗಿಹೋದೆ. ಅಂಗಳಕ್ಕೆ ಓಡಿ, "ಮಕ್ಕಳ ಮಾತು ಹಿಡ್ಕಂತಾರೇನ್ರೀ, ಕಾಫಿನಾದ್ರೂ ಕುಡ್ಕಂಡು ಹೋಗಿ" ಎಂದು ಕೈ ಹಿಡಿದೆ.

"ಮಾತು ಅಂತ ನೀವೇ ಅಂದ್ರಲ್ರೀ. ಮಾತಂದ್ಮೇಲೆ ಕೇಳ್ಬೇಕಲ್ಲ" ಎಂದು ನಕ್ಕು ಹೋದರು.

ಅಷ್ಟು ಕಂಡೂ ನನಗೆ ಬುದ್ಧಿ ಬರಲಿಲ್ಲ. ಹಬ್ಬಕ್ಕೆಂದು ನನ್ನ ಗಂಡನ ಅಕ್ಕ ಬೀಗರನ್ನು ಕಟ್ಟಿಕೊಂಡು ಬಂದಿದ್ದರು. ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು ಬಾಯಿಗೆ ಹೋಳಿಗೆ ಹಿಡಿದರು. ಟ್ಯಾಬ್ ಶುರುವಾಯಿತು: ಬೇಡ, ಬೇಡ, ಬೇಡ.

"ಇದೊಂದೇ ಮಾತು ಕಲ್ಸೀರೇನೇ ಇದಕ್ಕೆ?" ಎಂದರು ಅವರು. ಬೀಗರೆಲ್ಲ ನಕ್ಕರು. ನನ್ನ ಮುಖ ಸುಟ್ಟಂತಾಯಿತು. ಪರದೆ ಒರೆಸುವ ನೆಪದಲ್ಲಿ ಸೆರಗು ಹಿಡಿದು ಹೋಗಿ ಸೌಂಡು ಪೂರ್ತಿ ಇಳಿಸಿಬಿಟ್ಟೆ. ಮಗಳು ಮತ್ತೆ ಒತ್ತಿದಳು. ಟ್ಯಾಬನ್ನು ಎತ್ತಿ ಕಿವಿಗೆ ಹಿಡಿದು ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ಹೋಳಿಗೆಗೆ ಬಾಯಿ ತೆರೆದಳು.

ಮರುವಾರ ಟೀಚರಿಗೆ ಅದು ಗೊತ್ತಾಗದೆ ಇರಲಿಲ್ಲ. "ಯಾರ್ರೀ ಸೌಂಡು ಇಳ್ಸಿದ್ದು?" ಎಂದರು. ನಾನೇ ಎಂದೆ. ಬೈದಿದ್ದರೆ ಹಗುರಾಗುತ್ತಿತ್ತು. "ಏನು ಬೇಕು ಅಂತ ನಾವು ಹೆಂಗಾದ್ರೂ ತಿಳ್ಕಂತೀವ್ರೀ. ಬ್ಯಾಡ ಅನ್ನೋದನ್ನ ಅವಳೇ ಹೇಳ್ಬೇಕು" ಎಂದಷ್ಟೇ ಹೇಳಿ ಪಾಠಕ್ಕೆ ಕೂತರು. ಮಗಳು ಆ ದಿನವೆಲ್ಲ ಅದೊಂದನ್ನು ಬಿಟ್ಟು ಬೇರೆಲ್ಲ ಒತ್ತಿದಳು. 'ಬೇಡ' ಮತ್ತೆ ಕೇಳಿಸಲು ತಿಂಗಳುಗಳೇ ಹಿಡಿದವು.

ಟೀಚರು ಹೋದ ಸುದ್ದಿ ಬಂದದ್ದು ಈ ವರ್ಷ. ಎದೆನೋವು ಬಂದು ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತಂತೆ. ಮಗಳನ್ನು ಕರೆದುಕೊಂಡು ಶಿಕಾರಿಪುರಕ್ಕೆ ಹೋದೆ. ಪಡಸಾಲೆಯಲ್ಲಿ ಟೀಚರನ್ನು, ನಮ್ಮಲ್ಲಿಯ ಪದ್ಧತಿಯಂತೆ, ವಿಭೂತಿ ಹಚ್ಚಿ ಗೋಡೆಗೊರಗಿಸಿ ಕೂರಿಸಿದ್ದರು. ಜನದ ನಡುವೆ ಬಾಗಿಲಿಂದ ನನಗೆ ಕಂಡದ್ದು ಹೂವಿನ ಹಾರ ಮಾತ್ರ. ಟೀಚರ ಅಣ್ಣ ಎದ್ದು ಬಂದು, "ಮಗೂನ್ನ ಮುಂದಕ್ಕೆ ಕರ್ಕಂಬರ್ರಿ, ಭಾಳ ನೆನೆಸ್ತಿದ್ಲು" ಎಂದರು.

ಮಗಳು ಬಾಗಿಲಲ್ಲೇ ಕಾಲೂರಿ ನಿಂತು ಒತ್ತಿದಳು. ಬೇಡ. ಭಜನೆ ನಿಂತಿತು. ಕೂತಿದ್ದ ಹೆಂಗಸರೆಲ್ಲ ತಿರುಗಿದರು. ಬೇಡ, ಬೇಡ. "ಸಾವಿನ ಮನೇಲಿ ಇದೇನ್ರೀ, ಬಂದ್ ಮಾಡ್ರಿ ಅದನ್ನ" ಎಂದರು ಯಾರೋ. ನನ್ನ ಬೆರಳು ತಾನಾಗಿ ಸೌಂಡಿನ ಗುಂಡಿಗೆ ಹೋಗಿತ್ತು. ಹಿಂದಕ್ಕೆ ತೆಗೆದೆ.

"ಬರಲ್ಲ ಅಂತಿದಾಳ್ರೀ" ಎಂದೆ. ಅದು ಟೀಚರ ಅಣ್ಣನಿಗೆ ಕೇಳಿಸಿತೋ ಇಲ್ಲವೋ. ಪರವೂರು, ಅವಳನ್ನು ಬೀದಿಯಲ್ಲಿ ಒಬ್ಬಳನ್ನೇ ಬಿಟ್ಟು ನಾನು ಒಳಗೆ ಹೋಗುವಂತಿರಲಿಲ್ಲ. ಮೆಟ್ಟಿಲಿಳಿದೆವು. ಬಸ್‌ಸ್ಟ್ಯಾಂಡಿನವರೆಗೂ ಅವಳು ನನ್ನ ಕೈ ಬಿಡಲಿಲ್ಲ.

ಟೀಚರ ಮುಖ ನೋಡದೆ, ಕೈಯೆತ್ತಿ ಮುಗಿಯದೆ ಬಂದವಳು ನಾನು. ಅವರ ಮನೆಯವರು ಏನೆಂದುಕೊಂಡರೋ. ಈಗ ಶಿಕಾರಿಪುರಕ್ಕೆ ಹೋದರೆ ಆ ಬೀದಿ ತಪ್ಪಿಸಿ ನಡೆಯುತ್ತೇನೆ.