ಉಚ್ಚಂಗಮ್ಮನ ದೋಣಿಗೆ ಕಾವಲಿರುವ ವಿಮಲಕ್ಕ

ಬೆಳಗಿನ ಆರೂಕಾಲು. ಶಿವಮೊಗ್ಗದ ರವೀಂದ್ರನಗರದ ಮನೆಯೊಂದರ ಮಹಡಿಯಲ್ಲಿರುವ ಕಚೇರಿಯಲ್ಲಿ ವಿಮಲಾ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಪರದೆಯ ಮೇಲೆ ತುಂಬಿದ ಹೊಳೆ, ನಡುವೆ ಒಂದು ದೋಣಿ, ದೋಣಿಯಲ್ಲಿ ಉಚ್ಚಂಗಮ್ಮ ಎಂಬ ಮುದುಕಿ. ವಿಮಲಾ ಕೂಗಿ ಕರೆಯುವ ಗುಂಡಿ ಒತ್ತುತ್ತಾರೆ. ಮುದುಕಿ ತಲೆಯೆತ್ತಿ ನೋಡುತ್ತಾಳೆ. “ನನ್ನ ವೀಳ್ಯ ಬೇಡ ಅಂದೋರಿಗೆ ನನ್ನ ದೋಣೀನೂ ಬೇಡ” ಎಂದು ದೋಣಿ ತಿರುಗಿಸಿಕೊಂಡು ಹೊರಟೇ ಹೋಗುತ್ತಾಳೆ.

“ನಾನೆಲ್ಲಿ ಬೇಡ ಅಂದೆ ಮಾರಾಯ್ತಿ?” ಎಂದು ವಿಮಲಾ ಪರದೆಯನ್ನೇ ಕೇಳುತ್ತಾರೆ. ಅವರ ಮುಖ ಬಿಳಿಚಿಕೊಂಡಿದೆ.

‘ಹೊಳೆಸೀಮೆ’ ಎಂಬ ಕನ್ನಡದ ಕಂಪ್ಯೂಟರ್ ಆಟದ ಮೂರನೆಯ ಭಾಗ ಇವತ್ತು ಹತ್ತು ಗಂಟೆಗೆ ಬಿಡುಗಡೆ. ಆಟ ಆಡಿ ಸಂಬಳ ಪಡೆಯುವ ಹೆಂಗಸೊಬ್ಬರು ಇದ್ದಾರಂತೆ, ಪತ್ರಿಕೆಗೆ ನಾಲ್ಕು ತಮಾಷೆಯ ಸಾಲು ಬರೆದರಾಯಿತು ಎಂದುಕೊಂಡು ನಾನು ಬಂದಿದ್ದೆ. ಆ ತಮಾಷೆ ಅಲ್ಲಿಗೇ ಮುಗಿಯಿತು.

ಈ ಆಟದಲ್ಲಿ ನೀವೇ ಒಂದು ಪಾತ್ರ. ಯಾರಿಗೆ ಏನು ಅಂದಿರಿ, ಯಾರನ್ನು ಉಳಿಸಿದಿರಿ, ಯಾರ ಮನೆಯಲ್ಲಿ ಉಣ್ಣದೆ ಎದ್ದುಬಂದಿರಿ ಎಂಬುದೆಲ್ಲ ಒಂದು ಫೈಲಿನಲ್ಲಿ ಉಳಿಯುತ್ತದೆ. ಅದೇ ಫೈಲು ಮುಂದಿನ ಭಾಗಕ್ಕೆ ದಾಟುತ್ತದೆ. ಹಳೆಯ ಪಾತ್ರಗಳು ಮತ್ತೆ ಎದುರಾದಾಗ ನಿಮ್ಮ ಹಳೆಯ ನಡತೆ ನೋಡಿಕೊಂಡೇ ಮಾತಾಡಿಸುತ್ತವೆ. ಸರಿಯಾಗಿ ಮಾತಾಡಿಸುತ್ತವೋ ಇಲ್ಲವೋ ಎಂದು ಪರೀಕ್ಷಿಸುವುದೇ ವಿಮಲಾ ಕೆಲಸ. ದಿನಕ್ಕೆ ಒಂದೇ ದೃಶ್ಯವನ್ನು ಮೂವತ್ತು ಸಲ ಆಡುತ್ತಾರೆ. ಮೂವತ್ತು ಸಲವೂ ಬೇರೆ ಬೇರೆ ಮನುಷ್ಯರಾಗಿ ಆಡಬೇಕು, ಒಮ್ಮೆ ಸಾಧು, ಒಮ್ಮೆ ಕಳ್ಳ, ಒಮ್ಮೆ ಯಾವುದಕ್ಕೂ ಸೇರದ ಅಂಜುಬುರುಕ.

ನಲವತ್ತೆಂಟರ ವಿಮಲಾ ಭದ್ರಾವತಿಯ ಹೊಸಮನೆ ಬಡಾವಣೆಯವರು. ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಹದಿನಾಲ್ಕು ವರ್ಷ ಎರಕದ ಬಿಡಿಭಾಗಗಳನ್ನು ತಪಾಸಣೆ ಮಾಡಿದವರು. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಸದ್ದು ಕೇಳಿಯೇ ಒಳಗಿನ ಬಿರುಕು ಹೇಳುತ್ತಿದ್ದರಂತೆ. ಫೌಂಡ್ರಿ ಆ ವಿಭಾಗವನ್ನೇ ಮುಚ್ಚಿದಾಗ ಎರಡು ವರ್ಷ ಮನೆಯಲ್ಲಿ ಕೂತರು. ಮೊಣಕಾಲು ನೋವು ಬೇರೆ. ನಿಂತು ಮಾಡುವ ಕೆಲಸ ಇನ್ನು ಆಗದು ಎಂದು ಡಾಕ್ಟರು ಹೇಳಿದ್ದರು.

“ಕೂತ್ಕೊಂಡು ಮಾಡೋ ಕೆಲಸ ಅಂತ ಯಾರೋ ಹೇಳಿದ್ರು, ಬಂದೆ. ಗೇಮ್ ಆಡ್ತೀರಾ ಅಂತ ಕೇಳಿದ್ರು. ಆಡಲ್ಲ ಸಾರ್, ಹುಳುಕು ಹುಡುಕ್ತೀನಿ ಅಂದೆ” ಎಂದು ಅವರು ನೆನೆಯುತ್ತಾರೆ. ಅದಾಗಿ ಆರು ವರ್ಷ. ಫೌಂಡ್ರಿಯಿಂದ ಅವರು ತಂದದ್ದು ಒಂದು ಅಭ್ಯಾಸ. ಒಂದೇ ಸಲ ಕರಗಿಸಿದ ಕಬ್ಬಿಣದಿಂದ ಎಷ್ಟು ಎರಕ ಹೊಯ್ದರೂ ಎಲ್ಲಕ್ಕೂ ಒಂದೇ ‘ಹೀಟ್ ನಂಬರ್’. ಎಲ್ಲಾದರೂ ಒಂದು ಮುರಿದರೆ ಅದು ಯಾವ ಕುಲುಮೆಯಲ್ಲಿ, ಯಾವ ದಿನ ಹುಟ್ಟಿದ್ದು ಎಂದು ಪತ್ತೆಹಚ್ಚಬಹುದು. ವಿಮಲಾ ಪ್ರತಿ ಫೈಲಿಗೂ ಹೀಗೊಂದು ನಂಬರು ಕೊಟ್ಟು, ಆಡಿದವರು ಎಲ್ಲೆಲ್ಲಿ ಏನೇನು ಆರಿಸಿದರು ಎಂದು ಉದ್ದನೆಯ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಒಟ್ಟು ಇನ್ನೂರ ಹನ್ನೆರಡು ಫೈಲುಗಳು. ನಿನ್ನೆ ಸಂಜೆಗೆ ಅಷ್ಟೂ ಪಾಸಾಗಿವೆ.

ಇವತ್ತು ಅವರು ತೆರೆದದ್ದು ಪುಸ್ತಕದಲ್ಲಿಲ್ಲದ ಒಂದು ಫೈಲು. ಕೆಲಸಕ್ಕೆ ಸೇರಿದ ದಿನ, ಕಲಿಯಲಿ ಎಂದು ಆಗಲೇ ಬಿಡುಗಡೆಯಾಗಿದ್ದ ಮೊದಲ ಭಾಗವನ್ನು ಅವರ ಕೈಗೆ ಕೊಟ್ಟಿದ್ದರು. ಅಂದು ಯಾವ ಪಟ್ಟಿಯೂ ಇಲ್ಲದೆ ತಮಗೆ ತೋಚಿದಂತೆ ಆಡಿದ್ದರು. ಬಿಡುಗಡೆಗೆ ಮುನ್ನ ಅದನ್ನೂ ಒಮ್ಮೆ ಮೂರನೆಯ ಭಾಗಕ್ಕೆ ದಾಟಿಸಿ ನೋಡೋಣ ಎನ್ನಿಸಿತು, ನೋಡಿದರು. ಮುದುಕಿ ದೋಣಿ ತಿರುಗಿಸಿದಳು.

ಆಗಿದ್ದಿಷ್ಟು. ಮೊದಲ ಭಾಗದಲ್ಲಿ ಉಚ್ಚಂಗಮ್ಮ ದೋಣಿಯ ಹಲಗೆಯ ಮೇಲೆ ವೀಳ್ಯದ ತಟ್ಟೆ ಇಡುತ್ತಾಳೆ. ತೆಗೆದುಕೊಂಡರೆ ನೀವು ಅವಳ ಕಡೆಯವರು, ಬೇಡವೆಂದರೆ ಅಲ್ಲ. ಎಲೆ ಹಾಕುವ ಅಭ್ಯಾಸವಿಲ್ಲದವರು ನಮ್ಮಲ್ಲಿ ತಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅದೂ ಒಪ್ಪಿಗೆಯೇ. ಆಟದಲ್ಲಿ ಹಾಗೆ ಮುಟ್ಟಿ ಬಿಡುವುದಕ್ಕೂ ಅವಕಾಶವಿತ್ತು, ವಿಮಲಾ ಅಂದು ಅದನ್ನೇ ಮಾಡಿದ್ದರು. ಆದರೆ ತೆಗೆದುಕೊಂಡ ಎಲೆ ಪಾತ್ರದ ಚೀಲ ಸೇರುತ್ತದೆ, ಚೀಲದಲ್ಲಿ ಎಲೆಯಿಲ್ಲದವರನ್ನೆಲ್ಲ ಆಟ ‘ಬೇಡ ಅಂದವರು’ ಎಂದೇ ತಿಳಿಯುತ್ತದೆ. ಎರಡನೆಯ ಭಾಗದಲ್ಲಿ ಮುದುಕಿ ಬರುವುದೇ ಇಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಮೂರನೆಯದರಲ್ಲಿ ಅವಳು ದಾಟಿಸದಿದ್ದರೆ ಆಚೆ ದಡದ ಊರು ಮುಳುಗುತ್ತದೆ.

ಏಳು ಗಂಟೆಗೆ ಪ್ರೋಗ್ರಾಂ ಬರೆಯುವ ಸಮತಾ ಓಡಿಬರುತ್ತಾಳೆ. ಹಿಂದೆಯೇ ಸಂಸ್ಥೆಯ ಒಡೆಯ ತ್ರಿವಿಕ್ರಮ, ವಿದ್ಯಾನಗರದ ಮನೆಯಿಂದ ಚಪ್ಪಲಿಯಲ್ಲೇ ಬಂದಿದ್ದಾರೆ.

“ತಪ್ಪು ನಂದೇ ಸಾರ್. ಟೆಸ್ಟಿನ ಪಟ್ಟಿ ಮಾಡಿದ್ದು ನಾನು. ತೊಗೊಂಡ್ರು, ಬೇಡ ಅಂದ್ರು ಅಂತ ಎರಡೇ ಕಾಲಂ ಹಾಕ್ದೆ. ಮುಟ್ಟಿದೋರನ್ನ ಮರ್ತೇಬಿಟ್ಟೆ” ಎನ್ನುತ್ತಾರೆ ವಿಮಲಾ.

“ಎಷ್ಟು ಜನ ಇರಬಹುದು ವಿಮಲಕ್ಕ? ನೂರಕ್ಕೆ ಐದು? ಹತ್ತು?” ತ್ರಿವಿಕ್ರಮ ಗಡಿಯಾರ ನೋಡುತ್ತಾರೆ. “ಎಲ್ರೂ ಹತ್ತು ಗಂಟೆಗೇ ಕಾಯ್ತಿದಾರೆ. ಬಿಡುಗಡೆ ಮಾಡಿಬಿಡೋಣ, ಆಮೇಲೆ ಸರಿಮಾಡಿದ್ರಾಯ್ತು.”

“ಆಮೇಲೆ ಎಲ್ಲಿ ಸರಿಯಾಗುತ್ತೆ ಸಾರ್? ಆಡೋರು ಆರು ವರ್ಷ ಕಾದು ಬರ್ತಾರೆ. ಊರು ಕಣ್ಣೆದುರಿಗೇ ಮುಳುಗುತ್ತೆ. ನನ್ನಿಂದಾನೇ ಹೀಗಾಯ್ತು ಅಂದ್ಕೊಳ್ತಾರೆ. ನಾನು ಸೈನ್ ಹಾಕಲ್ಲ.”

ಅವರ ಸಹಿಯಿಲ್ಲದೆ ಆಟ ಹೊರಗೆ ಹೋಗಬಾರದು ಎಂಬ ನಿಯಮ ಮಾಡಿದವರು ಸ್ವತಃ ತ್ರಿವಿಕ್ರಮ. ಅದನ್ನು ಮುರಿಯುವ ಅಧಿಕಾರವೂ ಅವರದೇ. ಅವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. “ಒಂಬತ್ತೂವರೆ ತನಕ ಟೈಮ್ ಕೊಡ್ತೀನಿ. ಆಮೇಲೆ ನೀವು ಹಾಕದಿದ್ರೂ ಬಿಡ್ತೀನಿ.”

ಸಮತಾಳದು ಬೇರೆಯೇ ಸಂಕಟ. “ವಿಮಲಕ್ಕ, ಮುಟ್ಟಿದೋರು ಅಂತ ಫೈಲಲ್ಲಿ ಎಲ್ಲೂ ಬರ್ದೇ ಇಲ್ಲ. ಬೇಡ ಅಂದೋರ ಚೀಲಾನೂ ಖಾಲಿ, ಇವರದೂ ಖಾಲಿ. ಹೆಂಗೆ ಬೇರೆ ಮಾಡ್ಲಿ?”

ವಿಮಲಾ ಮೊದಲ ಭಾಗ ತೆರೆಯುತ್ತಾರೆ. ಒಂದು ಸಲ ಬೇಡವೆನ್ನುತ್ತಾರೆ, ಒಂದು ಸಲ ಮುಟ್ಟುತ್ತಾರೆ. ಮತ್ತೆ ಅದನ್ನೇ ಆಡುತ್ತಾರೆ. ಎಂಟು ದಾಟುತ್ತದೆ. ನನಗೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ, ಆದರೂ ಎದ್ದುಹೋಗಲು ಮನಸ್ಸಾಗುವುದಿಲ್ಲ. ಐದನೆಯ ಸಲ ಅವರು ಪರದೆಗೆ ಬೆರಳಿಡುತ್ತಾರೆ.

“ತಟ್ಟೆ ನೋಡು. ಬೇಡ ಅಂದ್ರೆ ಅಜ್ಜಿ ತಟ್ಟೆ ಒಳಗೆ ಎಳ್ಕೊಳ್ತಾಳೆ. ಮುಟ್ಟಿದ್ರೆ ಹಲಗೆ ಮೇಲೇ ಬಿಡ್ತಾಳೆ. ತಟ್ಟೆ ಎಲ್ಲಿದೆ ಅಂತ ಫೈಲಲ್ಲಿ ಇರುತ್ತಾ?”

ಸಮತಾ ಎರಡೂ ಫೈಲುಗಳನ್ನು ಅಕ್ಕಪಕ್ಕ ತೆರೆಯುತ್ತಾಳೆ. ಸಾವಿರಾರು ಸಾಲುಗಳು. ಅವಳ ಬೆರಳು ಕೆಳಗಿಳಿಯುತ್ತ ಒಂದು ಕಡೆ ನಿಲ್ಲುತ್ತದೆ. “ಇದೆ ವಿಮಲಕ್ಕ.”

ಮುಂದಿನ ಒಂದು ಗಂಟೆ ಕೀಲಿಮಣೆಯ ಸದ್ದು ಮಾತ್ರ. ಒಂಬತ್ತು ಇಪ್ಪತ್ತಕ್ಕೆ ವಿಮಲಾ ತಮ್ಮ ಹಳೆಯ ಫೈಲನ್ನು ಮತ್ತೆ ದಾಟಿಸುತ್ತಾರೆ. ಹೊಳೆ, ದೋಣಿ, ಮುದುಕಿ. ಕೂಗಿ ಕರೆಯುವ ಗುಂಡಿ ಒತ್ತುತ್ತಾರೆ. ದೋಣಿ ದಡಕ್ಕೆ ಬರುತ್ತದೆ. “ಹತ್ತು ಮಗಾ, ನೀರು ಏರ್ತಿದೆ” ಎನ್ನುತ್ತಾಳೆ ಉಚ್ಚಂಗಮ್ಮ. ಸಮತಾ ಕಣ್ಣೊರೆಸಿಕೊಳ್ಳುತ್ತಾಳೆ. ವಿಮಲಾ ಮಾತ್ರ ಬೇಡವೆಂದ ಫೈಲನ್ನೂ, ತೆಗೆದುಕೊಂಡ ಫೈಲನ್ನೂ ಹಾಕಿ ನೋಡಿದ ಮೇಲೆಯೇ ಸಹಿ ಮಾಡುತ್ತಾರೆ. ಗಡಿಯಾರದಲ್ಲಿ ಒಂಬತ್ತು ಇಪ್ಪತ್ತೊಂಬತ್ತು.

ಮಧ್ಯಾಹ್ನ ಒಂದಕ್ಕೆ ಮೊದಲ ಅಭಿಪ್ರಾಯಗಳು ಬರತೊಡಗುತ್ತವೆ. ಚಿತ್ರ ಚೆನ್ನಾಗಿದೆ, ಹಾಡು ಸಾಲದು ಎಂಬಂಥವು. ದಾವಣಗೆರೆಯ ಆಟಗಾರನೊಬ್ಬ ಗೊಣಗಿದ್ದಾನೆ: ‘ಮೊದಲ ಭಾಗದಲ್ಲಿ ಅಜ್ಜಿಯ ತಟ್ಟೆ ಮುಟ್ಟಿ ಬಿಟ್ಟಿದ್ದೆ. ಈಗ ಏನೋ ಆಗುತ್ತೆ ಅಂತ ಕಾದಿದ್ದೆ. ಏನೂ ಆಗಲಿಲ್ಲ, ಸುಮ್ಮನೆ ದೋಣಿ ಹತ್ತಿಸಿಕೊಂಡಳು.’

ವಿಮಲಾ ಅದನ್ನು ಎರಡು ಸಲ ಓದುತ್ತಾರೆ. ಬೆಳಗಿನಿಂದ ಮೊದಲ ಬಾರಿಗೆ ನಗುತ್ತಾರೆ.

“ಏನೂ ಆಗ್ಲಿಲ್ಲ ಅಂತೆ, ನೋಡಿ. ಆಗ್ದೇ ಇರೋ ಹಾಗೆ ನೋಡ್ಕೊಂಡಿದ್ದು ನಾನು.”