ಶಹಾಬಾದಿನ ಕಲ್ಲುಗಣಿಯಿಂದ ಝಂಸ್ಕಾರ್ ನದಿಗೆ

ವಾಡಿ ಜಂಕ್ಷನ್ನಿನಲ್ಲಿ ದೆಹಲಿಯ ರೈಲು ಹತ್ತಿದಾಗ ನಮ್ಮನ್ನು ಬೀಳ್ಕೊಡಲು ಯಾರೂ ಬಂದಿರಲಿಲ್ಲ. ಬರುತ್ತೇವೆ ಎಂದವರಿಗೆಲ್ಲ ನಾನೇ ಬೇಡ ಎಂದಿದ್ದೆ. ಬಂದರೆ ಬುದ್ಧಿ ಹೇಳುತ್ತಾರೆ. ಬುದ್ಧಿ ಕೇಳಿಸಿಕೊಳ್ಳುವ ಹೊತ್ತು ಅದಾಗಿರಲಿಲ್ಲ. ನನಗೆ ಐವತ್ತೇಳು ವರ್ಷ. ಚಿತ್ತಾಪುರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಜೊತೆಗಿದ್ದವಳು ನಸೀಮಾ, ಬಾಲ್ಯದ ಗೆಳತಿ, ಶಹಾಬಾದಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಇಬ್ಬರ ಮೈಮೇಲೂ ಅವಳೇ ಹೊಲಿದ, ಎಂಟೆಂಟು ಜೇಬಿನ ಪ್ಯಾಂಟು.

ಹೊರಟಿದ್ದು ಲಡಾಖಿಗೆ. ಮೂರು ದಿನ ಮಾರ್ಗದರ್ಶಕರ ಜೊತೆ ಬೆಟ್ಟ ಹತ್ತಿ ಇಳಿಯುವುದು, ಕಡೆಯ ದಿನ ರಬ್ಬರ್ ದೋಣಿಯಲ್ಲಿ ಝಂಸ್ಕಾರ್ ನದಿಯ ಕಣಿವೆ ದಾಟುವುದು. ರಜೆ ಅರ್ಜಿಯಲ್ಲಿ ಕಾರಣ ಎಂಬಲ್ಲಿ ನಾನು 'ನದಿ' ಎಂದು ಬರೆದಿದ್ದೆ. ಹೆಡ್‌ಮಾಸ್ಟರು ಅದನ್ನು ಓದಿ ಕನ್ನಡಕ ತೆಗೆದರು.

"ನದಿ ಅಂದ್ರ ಏನ್ರಿ ಮೇಡಂ? ನಮ್ಮ ಕಾಗಿಣಾ ಇಲ್ಲೇ ಹರಿಲಿಕತ್ತದಲ್ಲ. ಗುಡ್ಡ ನೋಡಬೇಕಂದ್ರ ಚಿಂಚೋಳಿಗೆ ಹೋಗ್ರಿ. ಸಂಜಿಗೆ ಮನಿ ಮುಟ್ಟತೀರಿ."

"ಚಿಂಚೋಳಿ ಗುಡ್ಡ ಆರು ಐತಾರ ಹತ್ತೀನ್ರಿ ಸರ್. ಅದು ತಾಲೀಮು. ಇದು ಕುಸ್ತಿ."

ಸುಳ್ಳು ಹೇಳಿರಲಿಲ್ಲ. ಬೇಸಿಗೆಯ ಆರು ಭಾನುವಾರ ಬೆಳಗಿನ ಬಸ್ಸಿಗೆ ಸೇಡಂ ಮೇಲೆ ಹಾದು ಚಿಂಚೋಳಿಗೆ ಹೋಗಿ, ಬೆನ್ನಚೀಲದಲ್ಲಿ ಎರಡೆರಡು ತುಂಡು ಶಹಾಬಾದಿ ಕಲ್ಲು ತುಂಬಿಕೊಂಡು ಕಾಡಿನ ಗುಡ್ಡ ಹತ್ತಿ ಇಳಿದಿದ್ದೆವು. ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಚೀಲ ಎತ್ತಿಕೊಡಲು ಬಂದ ಕಂಡಕ್ಟರ್ ಒಬ್ಬ "ಏನ್ ತುಂಬೀರಿ ಅಕ್ಕಾ, ಹೆಣಾನಾ?" ಎಂದು ಕೇಳಿದ್ದ. ನನ್ನ ತಮ್ಮ ಫೋನಿನಲ್ಲಿ "ಮೊಣಕಾಲ ನೋಡ್ಕೊಂಡು ಮನ್ಯಾಗ ಕುಂದರು" ಎಂದ. ಮೊಣಕಾಲು ನನ್ನದು ಎಂದು ಹೇಳಿ ಫೋನಿಟ್ಟೆ.

ರೈಲಿನಲ್ಲಿ ಒಂದೂಕಾಲು ದಿನ. ಹೊರಟಾಗ ವಾಡಿಯ ಸುತ್ತ ತೊಗರಿ ಬಿತ್ತಿದ ಕಪ್ಪು ನೆಲ ಹಸಿಯಾಗಿತ್ತು, ದೆಹಲಿಯಲ್ಲಿ ಇಳಿದಾಗ ಮೈಯೇ ಹಸಿಯಾಗಿತ್ತು, ಬೆವರಿನಿಂದ. ಮರುದಿನ ನಸುಕಿನ ವಿಮಾನ ಒಂದೂವರೆ ಗಂಟೆಯೊಳಗೆ ನಮ್ಮನ್ನು ಲೇಹ್‌ನಲ್ಲಿ ಇಳಿಸಿತು. ಹನ್ನೊಂದೂವರೆ ಸಾವಿರ ಅಡಿ ಎತ್ತರ. ಎರಡು ದಿನ ಸುಮ್ಮನೆ ಮಲಗಿ ನೀರು ಕುಡಿಯಬೇಕೆಂಬುದು ನಿಯಮ. ನಸೀಮಾಳಿಗೆ ತಲೆನೋವು ಹತ್ತಿತು. ಅವಳು ದುಪಟ್ಟಾ ಬಿಗಿದುಕೊಂಡು "ಇಲ್ಲಿ ಹವಾ ಕೂಡ ರೇಷನ್ ಮ್ಯಾಲ ಕೊಡತಾರೇನು?" ಎಂದು ಗೊಣಗುತ್ತ ಮಲಗಿದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾತ್ರ ಬಿಡಲಿಲ್ಲ. ಹೋಟೆಲಿನ ಯಜಮಾನ ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿ, ತಿನ್ನುವುದೋ ಗೋಡೆಗೆ ಹಾಕುವುದೋ ಎಂದು ಕೇಳಿದ.

ಎರಡನೆಯ ದಿನ ಸಂಜೆ ನಮ್ಮ ಮಾರ್ಗದರ್ಶಕಿ ಬಂದಳು. ಸ್ಟಾಂಜಿನ್, ಇಪ್ಪತ್ತೆಂಟು ವರ್ಷದ ಝಂಸ್ಕಾರಿ ಹುಡುಗಿ, ಕುಳ್ಳಗೆ, ಬಿಸಿಲಿಗೆ ಕಂದಿದ ಕೆನ್ನೆ, ದೋಣಿ ನಡೆಸಿ ಬಲಿತ ತೋಳು. ಬೆಟ್ಟಕ್ಕೂ ಅವಳೇ, ನದಿಗೂ ಅವಳೇ. ನಮ್ಮಿಬ್ಬರ ಜೊತೆ ಪುಣೆಯ ದಂಪತಿ, ದೆಹಲಿಯ ಇಬ್ಬರು ತರುಣರು. ಸ್ಟಾಂಜಿನ್ ನಮ್ಮೊಂದಿಗೆ ಹಿಂದಿಯಲ್ಲಿ ಮಾತಾಡುತ್ತಿದ್ದಳು, ಅವಳ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ವಯಸ್ಸು ಕೇಳಿದಳು, ಹೇಳಿದೆ. "ಹಾಗಾದರೆ ನಿಧಾನಕ್ಕೆ ನಡೆಯಿರಿ" ಎಂದಳು. ನನಗೆ ಸಿಟ್ಟು ಬಂತು. ಮರುದಿನ ಜೀಪಿಳಿದು ಝಿಂಗ್‌ಚೆನ್‌ನಿಂದ ನಡಿಗೆ ಶುರುವಾದಾಗ ಬೇಕೆಂದೇ ದೆಹಲಿಯ ತರುಣರನ್ನು ಹಿಂದೆ ಹಾಕಿದೆ. ಅರ್ಧ ಗಂಟೆಯಲ್ಲಿ ಬಂಡೆ ಹಿಡಿದು ನಾಯಿಯಂತೆ ತೇಕುತ್ತ ನಿಂತಿದ್ದೆ. ನಸೀಮಾ ಹಿಂದಿನಿಂದ ಒಂದೇ ನಡಿಗೆಯಲ್ಲಿ ಬಂದು, ನನ್ನ ಮುಖ ನೋಡಿ ಮುಂದೆ ಹೋದಳು.

ಮಳೆ ಕಾಣದ ಬೆಟ್ಟಗಳವು. ಮರವಿಲ್ಲ, ಪೊದೆಯಿಲ್ಲ, ಹಳ್ಳದ ಅಂಚಿಗೆ ಮಾತ್ರ ಒಂದು ಗೆರೆ ಹಸಿರು. ನಾನು ಕಲ್ಲು ಒಡೆಯುವವರ ಮಗಳು, ಕಣ್ಣು ಮೊದಲು ಕಲ್ಲಿಗೇ ಹೋಗುತ್ತದೆ. ನಮ್ಮ ಶಹಾಬಾದಿನಲ್ಲಿ ಕಲ್ಲು ಪದರ ಪದರವಾಗಿ ಮಲಗಿರುತ್ತದೆ, ಮೇಲಿಂದ ಒಂದೊಂದೇ ಹಾಸು ಎಬ್ಬಿಸಬಹುದು. ಇಲ್ಲಿ ಅಂಥವೇ ಪದರಗಳು ಎದ್ದು ನೆಟ್ಟಗೆ ನಿಂತಿದ್ದವು. ನನಗೆ ಬಹಳ ಹಿಡಿಸಿತು.

ಮೊದಲ ದಿನದ ವಸತಿ ಯುರುತ್ಸೆ. ಊರೆಂದರೆ ಒಂದೇ ಮನೆ. ಬಾರ್ಲಿ ಹಿಟ್ಟಿನ ಗಂಜಿ ಕುಡಿಯುತ್ತ ಸ್ಟಾಂಜಿನ್ ನನ್ನ ಹೆಸರು ಗೌತಮಿ ಏಕೆಂದು ಕೇಳಿದಳು. ನಾವೂ ಬೌದ್ಧರು ಎಂದೆ. ಯಾವ ಗೊಂಪಾ, ಅಂದರೆ ಯಾವ ಮಠ ಎಂದಳು. "ಗೊಂಪಾ ಇಲ್ಲ. ನಮ್ಮಜ್ಜ ಮಾಡಿದ ನಿರ್ಧಾರ. ನಾನು ಮೂರನೆಯ ತಲೆಮಾರು" ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಹಾಗಾಗಿ ಎಲ್ಲ ಹೇಳಬೇಕಾಯಿತು. ಆಡಕಿ ಕಡೆಯ ನಮ್ಮ ಮೂಲ ಊರಿನಲ್ಲಿ ನಮ್ಮ ಕೇರಿಯವರು ಬಾವಿಗೆ ಇಳಿಯುವಂತಿರಲಿಲ್ಲ. ನಮ್ಮಜ್ಜಿ ಕೊಡ ಕೆಳಗಿಟ್ಟು, ಯಾರಾದರೂ ಮೇಲಿಂದ ಸುರಿದಾರೆಂದು ಬಿಸಿಲಲ್ಲಿ ನಿಲ್ಲುತ್ತಿದ್ದಳು. ಅಜ್ಜ ಆ ಊರನ್ನೂ ಅಲ್ಲಿನ ದೇವರನ್ನೂ ಒಟ್ಟಿಗೆ ಬಿಟ್ಟು ಶಹಾಬಾದಿನ ಕಲ್ಲುಗಣಿಗೆ ಬಂದ. ಕಲ್ಲು ತೆಗೆದು ಮುಗಿದ ಕುಣಿಗಳಲ್ಲಿ ಮಳೆನೀರು ನಿಲ್ಲುತ್ತಿತ್ತು. ತೋಡಿದವರು ನಾವು, ತುಂಬಿದ್ದು ಮಳೆ, ಅಲ್ಲಿ ಇಳಿಯಬೇಡ ಎನ್ನುವ ಬಾಯಿ ಯಾರಿಗೂ ಇರಲಿಲ್ಲ. ಎಂಟನೆಯ ವಯಸ್ಸಿಗೆ ಅಪ್ಪ ನನಗೆ ಅಲ್ಲೇ ಈಜು ಕಲಿಸಿದ. ನನ್ನ ವಂಶದಲ್ಲಿ ನೀರಿಗೆ ಬಿದ್ದು ಈಜಿದ ಮೊದಲ ಹೆಣ್ಣು ನಾನು. ಈ ಪ್ರವಾಸಕ್ಕೆ ಬಂದದ್ದೂ ಅದಕ್ಕೇ, ನಿವೃತ್ತಿಗೆ ಮೊದಲು ಒಂದು ದೊಡ್ಡ ನದಿಯಲ್ಲಿ ಬೀಳಬೇಕೆಂದು. ಇಷ್ಟನ್ನೂ ಕೇಳಿ ಸ್ಟಾಂಜಿನ್ "ಒಳ್ಳೆಯದು" ಎಂದಷ್ಟೇ ಅಂದು ನನ್ನ ಬಟ್ಟಲಿಗೆ ಇನ್ನಷ್ಟು ಗಂಜಿ ಹಾಕಿದಳು.

ಎರಡನೆಯ ದಿನ ಗಂಡಾ ಲಾ ಎಂಬ ಕಣಿವೆಯ ನೆತ್ತಿ, ಹದಿನಾರು ಸಾವಿರ ಅಡಿಯ ಮೇಲೆ. ಹತ್ತು ಹೆಜ್ಜೆ, ಒಂದು ನಿಲುಗಡೆ. ಮೇಲೆ ಗಾಳಿ ಎಷ್ಟಿತ್ತೆಂದರೆ ಪ್ರಾರ್ಥನೆಯ ಬಾವುಟಗಳು ಮಾತಾಡಲು ಬಿಡಲಿಲ್ಲ. ನಸೀಮಾ ಜೇಬಿನಿಂದ ರೊಟ್ಟಿ ತೆಗೆದು ಏಳು ತುಂಡು ಮಾಡಿ ಎಲ್ಲರಿಗೂ ಹಂಚಿದಳು. ಆಮೇಲೆ ಇಳಿಜಾರು, ಶಿಂಗೋ ಎಂಬಲ್ಲಿ ರಾತ್ರಿ. ಮೂರನೆಯ ದಿನ ಸ್ಕಿಯು ದಾಟಿ, ಮಧ್ಯಾಹ್ನ ಮೂರಕ್ಕೆ ಚಿಲಿಂಗ್‌ನ ಹತ್ತಿರ ನದಿಯ ದಡದ ಡೇರೆಗಳಿಗೆ ಬಂದೆವು.

ಝಂಸ್ಕಾರ್ ಬೂದಿ ಬಣ್ಣದ ನದಿ. ಸದ್ದು ಕಿವಿಗಿಂತ ಮೊದಲು ಎದೆಗೆ ಕೇಳುತ್ತದೆ. ದೋಣಿ ಹತ್ತುವ ಮೊದಲು ಎಲ್ಲರಿಗೂ ಒಂದು ಪರೀಕ್ಷೆ ಎಂದಳು ಸ್ಟಾಂಜಿನ್. ಲೈಫ್ ಜಾಕೆಟ್ ಕಟ್ಟಿಕೊಂಡು ದಡದ ಸೆಳೆತಕ್ಕೆ ಬೀಳಬೇಕು. ಬೆನ್ನ ಮೇಲೆ ಮಲಗಿ, ಪಾದ ಮುಂದೆ ಚಾಚಿ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ತೇಲಬೇಕು. ಕೆಳಗಡೆ ಅವಳು ಎಸೆದ ಹಗ್ಗ ಹಿಡಿಯಬೇಕು. ಎಷ್ಟೇ ಕಡಿಮೆ ಆಳವಿದ್ದರೂ ಕಾಲೂರಿ ನಿಲ್ಲಕೂಡದು. ತಳದ ಕಲ್ಲಿನ ಸಂದಿಯಲ್ಲಿ ಪಾದ ಸಿಕ್ಕಿಬಿದ್ದರೆ ಹಿಂದಿನ ನೀರು ಬೆನ್ನ ಮೇಲೇರಿ ಮುಖ ಮುಳುಗಿಸುತ್ತದೆ. ನಾನು ಅರ್ಧ ಕಿವಿಯಲ್ಲಿ ಕೇಳಿದೆ. ಮೂವತ್ತು ವರ್ಷ ಮಕ್ಕಳಿಗೆ ನಿಯಮ ಹೇಳಿದವಳು ನಾನು, ನನಗೇನು ಹೇಳುವುದು?

ನಸೀಮಾಳ ಸರದಿ ಮೊದಲು ಬಂತು. ಅವಳಿಗೆ ಈಜು ಬರುವುದಿಲ್ಲ. ಅವರ ಮನೆಯಲ್ಲಿ ಹೆಣ್ಣುಮಕ್ಕಳನ್ನು ಕುಣಿಗೆ ಇಳಿಸುತ್ತಿರಲಿಲ್ಲ, ಅವಳು ದಂಡೆಯಲ್ಲಿ ಕೂತು ನಮ್ಮ ಬಟ್ಟೆ ಕಾಯುತ್ತಿದ್ದಳು. ಈಗ ಮೂಗು ಹಿಡಿದುಕೊಂಡು ದೊಪ್ಪನೆ ಬಿದ್ದಳು, ಹೇಳಿದಂತೆ ಮಲಗಿದಳು, ಎರಡೂ ಬೂಟಿನ ತುದಿ ನೀರಿನ ಮೇಲೆ ಎದ್ದವು. ಹಗ್ಗ ಹಿಡಿದು ದಡಕ್ಕೆ ಬಂದಳು. ಪಾಸ್.

ನಾನು ತಲೆಕೆಳಗಾಗಿ ಹಾರಿದೆ, ಕುಣಿಗೆ ಹಾರುವಂತೆ. ಆ ಚಳಿ ಪಕ್ಕೆಲುಬನ್ನು ಹಿಡಿದು ಹಿಂಡಿತು. ಉಸಿರು ಸಿಗಲಿಲ್ಲ. ಆಗ ಮೈ ತನಗೆ ಗೊತ್ತಿದ್ದದ್ದನ್ನು ಮಾಡಿತು. ಕುಣಿಯ ಗೋಡೆ ಪದರ ಪದರವಾಗಿ ಕೊಯ್ದದ್ದು, ಮೆಟ್ಟಿಲು ಮೆಟ್ಟಿಲಾಗಿ ಇಳಿದಿರುತ್ತದೆ. ಅಪ್ಪ ಕಲಿಸಿದ್ದು ಒಂದೇ ಪಾಠ: "ದಿಕ್ಕ ತಪ್ಪಿದ್ರ ಗ್ವಾಡಿ ಕಡಿ ಹೋಗು, ಕಾಲ ಚಾಚು, ಪಾವಟಿಗಿ ಸಿಗತದ." ನಾನು ದಡದ ಕಡೆ ಹೊರಳಿ ಕಾಲು ಚಾಚಿದೆ. ಪಾವಟಿಗೆ ಸಿಗಲಿಲ್ಲ, ಎರಡು ಗುಂಡುಕಲ್ಲುಗಳ ನಡುವೆ ಬಲಗಾಲು ಸಿಕ್ಕಿತು. ಮರುಗಳಿಗೆಯಲ್ಲಿ ನದಿ ನನ್ನ ಬೆನ್ನ ಮೇಲಿತ್ತು, ಬಾಯಿ ತುಂಬ ಬೂದಿ ನೀರು. ಸ್ಟಾಂಜಿನ್ ಸೊಂಟದ ಹಗ್ಗದೊಂದಿಗೆ ಹಾರಿ ಬಂದು ಜಾಕೆಟ್ಟಿನ ಪಟ್ಟಿ ಹಿಡಿದು ಹಿಂದಕ್ಕೆಳೆದಳು. ಕಾಲು ಬಿಡಿಸಿಕೊಂಡಿತು, ಬೂಟು ನದಿಗೆ ಹೋಯಿತು.

ದಡದಲ್ಲಿ ನಾನು ಕೆಮ್ಮಿ ಮುಗಿಸುವವರೆಗೆ ಕಾದು ಅವಳು ಹೇಳಿದಳು: "ನಾಳೆ ನೀವು ಜೀಪಿನಲ್ಲಿ ಬನ್ನಿ. ರಸ್ತೆ ನದಿಯ ಪಕ್ಕದಲ್ಲೇ ಇದೆ, ಎಲ್ಲಾ ಕಾಣುತ್ತದೆ."

ಈಜು ಬರದವಳು ಪಾಸ್, ಬರುವವಳು ಫೇಲ್! ನನ್ನ ಬಾಯಿಂದ ಹಿಂದಿ ಹಾರಿಹೋಯಿತು.

"ನೀ ಹುಟ್ಟೋಕಿಂತ ಮೊದಲಿಂದ ಈಜಾಕತ್ತೀನಿ ನಾ! ನೀರಿಗಿ ಇಳೀಬ್ಯಾಡ, ದೂರ ನಿಂದರು ಅಂತ ನಮ್ಮಜ್ಜಿಗಿ ಹೇಳಿದ್ರು. ಈಗ ನೀ ಹೇಳ್ತಿ ನನಗ? ದಂಡ್ಯಾಗ ಕುಂತು ನೋಡಾಕ ಬಂದಿಲ್ಲ ನಾ!"

ಇನ್ನೂ ಬಹಳ ಬೈದೆ. ನಾನು ಬೈದದ್ದು ಹತ್ತು ಮಾತಾದರೆ ನಸೀಮಾ ಹಿಂದಿಗೆ ತಂದದ್ದು ಎರಡು, ಅವನ್ನೂ ಬೆಣ್ಣೆ ಹಚ್ಚಿ. ಆದರೆ ಅಜ್ಜಿಯ ಮಾತನ್ನು ಮಾತ್ರ ಇದ್ದ ಹಾಗೇ ಹೇಳಿದಳು. ಸ್ಟಾಂಜಿನ್ ಒದ್ದೆ ಬಟ್ಟೆಯಲ್ಲೇ ನನ್ನೆದುರು ಕುಳಿತಳು.

"ನೀರಿಗೆ ಇಳಿಯಬೇಡಿ ಅಂತ ನಾನು ಹೇಳಲಿಲ್ಲ ಮೇಡಂ. ನೀರಲ್ಲಿ ನಿಲ್ಲಬೇಡಿ ಅಂದೆ. ನೀವು ಬೀಳೋದು ತಪ್ಪಲ್ಲ. ಕಾಲೂರೋದು ತಪ್ಪು."

 ನನಗೆ ಮತ್ತಷ್ಟು ಸಿಟ್ಟು ಬಂತು. ನಾಳೆ ಬೆಳಿಗ್ಗೆ ಇನ್ನೊಂದು ಸಲ ಬೀಳುತ್ತೇನೆ ಎಂದೆ. "ಒಂದೇ ಸಲ. ಕಾಲು ತಳಕ್ಕೆ ಹೋದರೆ ಜೀಪು" ಎಂದು ಎದ್ದುಹೋದಳು.

ಸಂಜೆಯ ಬಿಸಿಲಿರುವ ತನಕ ನಾನು ಮರಳಿನ ಮೇಲೆ ಅಂಗಾತ ಮಲಗಿ ಕಾಲೆತ್ತಿ ಅಭ್ಯಾಸ ಮಾಡಿದೆ. ನಸೀಮಾ ಭುಜ ಹಿಡಿದು ಅಲುಗಾಡಿಸುವುದು, ಕಾಲ ಹತ್ತಿರ ಕಲ್ಲು ತಂದಿಡುವುದು, ನಾನು ಊರದಿರುವುದು. ಪುಣೆಯ ದಂಪತಿ ಚಹಾ ಕುಡಿಯುತ್ತ ನೋಡಿದರು. ನೋಡಲಿ.

"ಮತ್ತ ಹೊಂಟಾವ ನೋಡು ನಿನ್ನ ಕಾಲ!" ಎಂದಳು ನಸೀಮಾ. "ಯಾಕ ಹಿಂಗ ಮಾಡ್ತಿ? ಹೆದರಿಕಿ ಅದೇನು?"

"ನನಗ್ಯಾವ ಹೆದರಿಕಿ?"

"ಅದಕ್ಕೇ ಫೇಲ್ ಆದಿ. ನನಗ ಭಾಳ ಹೆದರಿಕಿ ಇತ್ತು, ಆಕಿ ಹೇಳಿದ್ದು ಕೇಳಿದೆ." ನನ್ನ ಹಿಮ್ಮಡಿಯ ಹತ್ತಿರ ಇನ್ನೊಂದು ಕಲ್ಲು ತಂದಿಟ್ಟು ಹೇಳಿದಳು: "ನೀವೆಲ್ಲಾ ಕುಣ್ಯಾಗ ಈಜಾಡತಿದ್ರಿ, ನಾ ನಿಮ್ಮ ಅರಿವಿ ಕಾಯ್ಕೋತ ಕುಂದರ್ತಿದ್ದೆ. ನೀರು ಹ್ಯಾಂಗ ಇರತದಂತ ಇವತ್ತ ಗೊತ್ತಾತು ನನಗ. ನಾಳಿ ನಾ ಒಬ್ಬಾಕಿನೇ ಹೋಗಂಗಿಲ್ಲ. ಎತ್ತು ಕಾಲ."

ಐವತ್ತು ವರ್ಷದ ಗೆಳೆತನದಲ್ಲಿ ಈ ಮಾತನ್ನು ಅವಳು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ಬೆಳಿಗ್ಗೆ ಏಳಕ್ಕೆ ಬಿದ್ದೆ. ಹಾರಲಿಲ್ಲ, ನಸೀಮಾಳಂತೆ ಮೂಗು ಹಿಡಿದು ಬಿದ್ದೆ. ಅದೇ ಚಳಿ, ಅದೇ ಹಿಂಡು. ಬೆನ್ನಿನ ಮೇಲೆ ಮಲಗಿದೆ. ಹಿಮ್ಮಡಿಗೆ ಒಂದು ಕಲ್ಲು ತಗುಲಿತು, ಇಲ್ಲೇ ನಿಲ್ಲು ಎಂದು ಇಡೀ ಮೈ ಕೂಗಿತು. ಅಪ್ಪನ ಪಾಠಕ್ಕೆ ಮೊದಲ ಬಾರಿ ಎದುರು ನಿಂತೆ. ಮೊಣಕಾಲು ಎದೆಗೆಳೆದು ಪಾದಗಳನ್ನು ಮೇಲಕ್ಕೆ ಒದ್ದೆ. ಕಲ್ಲು ಕೆಳಗಿಂದ ಹಾದುಹೋಯಿತು. ಕೆಳಗಡೆ ಹಗ್ಗ ಬಂದು ಎದೆಯ ಮೇಲೆ ಬಿತ್ತು. ಸ್ಟಾಂಜಿನ್ ನನ್ನ ಮುಖ ನೋಡಲಿಲ್ಲ, ಪಾದ ನೋಡಿದಳು.

"ದೋಣಿಯಲ್ಲಿ ಮುಂದಿನ ಸೀಟು, ಎಡಗಡೆ" ಎಂದಳು.

ಚಿಲಿಂಗ್‌ನಿಂದ ನಿಮ್ಮೂ ಎಂಬ ಊರಿನ ತನಕ ಇಪ್ಪತ್ತೆಂಟು ಕಿಲೋಮೀಟರ್, ಸುಮಾರು ಮೂರು ಗಂಟೆ. ಎರಡೂ ಕಡೆ ನೆಟ್ಟಗೆ ನಿಂತ ಕೆಂಪು, ನೇರಳೆ ಬಂಡೆಗಳ ನಡುವೆ ದೋಣಿ ಏಳುತ್ತಿತ್ತು, ಬೀಳುತ್ತಿತ್ತು. "ಮುಂದೆ! ಮುಂದೆ!" ಎಂದು ಸ್ಟಾಂಜಿನ್ ಹಿಂದಿನಿಂದ ಕೂಗುವುದು, ಅಲೆ ಮುಖಕ್ಕೆ ಹೊಡೆಯುವುದು, ನಾವು ಹುಟ್ಟು ಹಾಕುವುದು. ರಸ್ತೆಯ ಮೇಲೆ ನಮ್ಮ ಜೀಪು ಬರಿದಾಗಿ ಬರುತ್ತಿತ್ತು. ಅದನ್ನು ಕಂಡಾಗಲೆಲ್ಲ ನಾನು ಕೈಯೆತ್ತಿ ಕುಣಿಸಿದೆ, ಡ್ರೈವರ್ ಹಾರ್ನ್ ಹೊಡೆದ. ಅಂಥ ಸಂತೋಷ ನನಗೆ ಯಾವ ಪದಕದಿಂದಲೂ ಆಗಿರಲಿಲ್ಲ.

ನಿಮ್ಮೂ ಹತ್ತಿರ ನದಿ ಅಗಲವಾಗಿ ಸುಮ್ಮನಾಯಿತು. ಮುಂದೆ ಸಿಂಧೂ ನದಿಯ ತಿಳಿ ಹಸಿರು ನೀರು ಬಂದು ಸೇರುವುದು ಕಾಣುತ್ತಿತ್ತು. ಇಲ್ಲಿ ತಳ ಆಳವಿದೆ, ಕಲ್ಲಿಲ್ಲ, ಬೇಕಾದವರು ಇಳಿಯಬಹುದು ಎಂದಳು ಸ್ಟಾಂಜಿನ್. ಪುಣೆಯವರು ನೀರಿಗೆ ಬೆರಳದ್ದಿ ತೆಗೆದರು. ದೆಹಲಿಯ ತರುಣರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಪಕ್ಕದಲ್ಲಿ ದೊಪ್ಪೆಂದು ಸದ್ದಾಯಿತು. ನಸೀಮಾ ಇಳಿದಾಗಿತ್ತು. ಅವಳ ಹಿಂದೆ ನಾನು.

ಅಂಗಾತ ತೇಲಿದೆ, ಹೊರಳಿ ನನ್ನ ಕುಣಿಯ ಈಜು ಈಜಿದೆ, ನಸೀಮಾಳ ಕೈ ಹಿಡಿದು ಸುತ್ತು ಹಾಕಿಸಿದೆ. ಅವಳು ಎಂಟು ವರ್ಷದವಳಂತೆ ಕಿರುಚಿದಳು. ದಡದಲ್ಲಿ ಜೀಪಿನ ಬಾಗಿಲು ತೆರೆದಿತ್ತು, ಒಣಬಟ್ಟೆ ಹಿಡಿದು ಡ್ರೈವರ್ ನಿಂತಿದ್ದ. ಸ್ಟಾಂಜಿನ್ ದೋಣಿಯಂಚಿಗೆ ಬಾಗಿ ಕರೆದಳು.

"ಮೇಡಂ, ತುಟಿ ನೀಲಿಯಾಗಿದೆ. ಸಾಕು, ನೀರಿನಿಂದ ಹೊರಗೆ ಬನ್ನಿ!"

"ನೈ ಆತೀ!" ಎಂದು ಕೂಗಿದಳು ನಸೀಮಾ.

"ನಾನೂ ಬರಂಗಿಲ್ಲ!" ಎಂದೆ ನಾನು.